ಕಡಕ್ ರೊಟ್ಟಿ ಕೆಡದಿರುವುದೇಕೆ?

ಕಳೆದ ವರ್ಷ ದೀಪಾವಳಿಯ ಸೂಟಿ ಮುಗಿದು ಶಾಲೆ ತೆರೆದ ಮೇಲೆ, ಏಳನೆಯ ತರಗತಿಯ ವಿಜ್ಞಾನದ ತಾಸಿನಲ್ಲಿ ನಾನು ಸೂಕ್ಷ್ಮಜೀವಿಗಳ ಪಾಠವನ್ನು ಹೇಳುತ್ತಿದ್ದೆ. ರೊಟ್ಟಿಯ ಮೇಲೆ ಕಾಣುವ ಬೂಷ್ಟು ಒಂದು ಬಗೆಯ ಶಿಲೀಂಧ್ರವೆಂದೂ, ತೇವವಿದ್ದಲ್ಲಿ ಅದು ಬೆಳೆಯುವುದೆಂದೂ ವಿವರಿಸುತ್ತಿರುವಾಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು ಕೇಳಿದಳು: "ಗುರುಗಳೆ, ನಿನ್ನಿ ಉಳಿದ ರೊಟ್ಟಿ ತೊಗಲಿನಂಗ ಆಗ್ತದ. ಕಡಕ್ ರೊಟ್ಟಿ ತಿಂಗಳಾದ್ರೂ ಕಟಕ್ ಅಂತದ. ಎರಡೂ ಒಣಗಿದ್ದೇ ಅಲ್ಲೇನ್ರಿ? ಮತ್ತ ನಮ್ಮ ಅಜ್ಜಿ ಮಾಡಿಟ್ಟ ಕಡಕ್ ರೊಟ್ಟಿಗಿ ಯಾಕ ಬೂಷ್ಟ ಬಂತು?"

ನಾನು "ಸರಿಯಾಗಿ ಒಣಗಿರಲಿಕ್ಕಿಲ್ಲ" ಎಂದು ಹೇಳಿ ಪಾಠವನ್ನು ಮುಂದುವರಿಸಿದೆ. ಗಂಟೆಯಾದ ಮೇಲೆ ಅವಳನ್ನು ಕರೆದು ವಿಚಾರಿಸಲಾಗಿ ಸಂಗತಿ ತಿಳಿಯಿತು. ಅವಳ ತಂದೆತಾಯಿಗಳು ಕಬ್ಬು ಕಡಿಯುವ ಟೋಳಿಯೊಡನೆ ದೂರದ ಸಕ್ಕರೆ ಕಾರಖಾನೆಯ ಸೀಮೆಗೆ ಹೋಗಿದ್ದರು. ಅಜ್ಜಿಗೆ ದಿನವೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಶಕ್ತಿಯಿಲ್ಲ. ಆದುದರಿಂದ ತಾಯಿಯೂ ಅಜ್ಜಿಯೂ ಕೂಡಿ ಮೂರು ದಿನ ರೊಟ್ಟಿ ಮಾಡಿ ಚೀಲ ತುಂಬಿಸಿಟ್ಟಿದ್ದರು. ಎಂಟು ದಿನ ಕಳೆಯುವಷ್ಟರಲ್ಲಿ ಅದರಲ್ಲಿ ಅರ್ಧಕ್ಕೂ ಮಿಕ್ಕಿ ಹಾಳಾಯಿತು. ರೊಟ್ಟಿಯಿಲ್ಲದಿದ್ದರೆ ಈ ಹುಡುಗಿಯೂ ಶಾಲೆ ಬಿಟ್ಟು ತಂದೆತಾಯಿಗಳ ಬಳಿಗೆ ಕಬ್ಬಿನ ಫಡಕ್ಕೆ ಹೋಗಬೇಕು. ಅವಳ ಪ್ರಶ್ನೆಯ ಹಿಂದೆ ಇಷ್ಟು ದೊಡ್ಡ ಸಂಗತಿಯಿತ್ತು; ನಾನೋ ಅರ್ಧ ವಾಕ್ಯದ ಉತ್ತರ ಕೊಟ್ಟು ಮುಗಿಸಿದ್ದೆ. ಅಂದು ಕೊಡಲಾರದ ಉತ್ತರವನ್ನು ನಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಪುಸ್ತಕಗಳನ್ನು ನೋಡಿ, ಕೆಲವನ್ನು ಕೈಯಾರೆ ಮಾಡಿ ತಿಳಿದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಉಮರ್ಗಾ, ನಿಲಂಗಾ, ಉದಗೀರಗಳ ಈ ಸೀಮೆಯಲ್ಲಿ ಜೋಳದ ರೊಟ್ಟಿಯನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ಈಗ ಅವು ಲಾತೂರ ಜಿಲ್ಲೆಯಲ್ಲಿವೆ, ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ಗಡಿಯ ಆಚೆಗಾಗಲಿ ಈಚೆಗಾಗಲಿ ರೊಟ್ಟಿ ಬಡಿಯುವ ಕ್ರಮ ಒಂದೇ. ನಾವು ರೊಟ್ಟಿಯೆನ್ನುವುದನ್ನು ನೆರೆಮನೆಯ ಮರಾಠಿಯವರು ಭಾಕರಿಯೆನ್ನುತ್ತಾರೆ. ನಮ್ಮ ಎಳ್ಳಮಾಸೆಯನ್ನು ಅವರು ಯೇಳವಸ ಎಂದು ಕರೆದು, ನಮ್ಮಂತೆಯೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹಿಂಗಾರಿಯ ಮಾಲದಂಡಿ ಜೋಳದ ರೊಟ್ಟಿಯೇ ರುಚಿಯಲ್ಲಿ ಮೇಲೆಂಬುದರಲ್ಲಿಯೂ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಈಚಿನ ವರ್ಷಗಳಲ್ಲಿ ಮುಂಗಾರಿ ಜೋಳದ ಹೊಲಗಳನ್ನು ಸೋಯಾಬೀನ್ ಆಕ್ರಮಿಸಿಕೊಂಡಿರುವುದು ಬೇರೆ ಮಾತು.

ಮೊದಲು ಹಿಟ್ಟಿನ ಸ್ವಭಾವವನ್ನು ತಿಳಿಯಬೇಕು. ಗೋಧಿಯ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರಲ್ಲಿ ಗ್ಲುಟೆನ್ ಎಂಬ ಜಿಗುಟಾದ ಸಸಾರಜನಕದ ಬಲೆ ಹುಟ್ಟುತ್ತದೆ. ಆ ಬಲೆಯ ಬಲದಿಂದಲೇ ಚಪಾತಿಯ ಕಣಕ ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿಯೂ ಸಜ್ಜೆಯಲ್ಲಿಯೂ ಈ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ಜೋಳದ ಹಿಟ್ಟನ್ನು ಎಷ್ಟು ನಾದಿದರೂ ಅದು ಮರಳಿನಂತೆ ಒಡೆಯುತ್ತದೆ. ಹಾಗಿದ್ದರೆ ನಮ್ಮ ತಾಯಂದಿರ ಕೈಯಲ್ಲಿ ಅದೇ ಹಿಟ್ಟು ಅಂಗೈಯಗಲದಿಂದ ಹಂಚಿನಗಲಕ್ಕೆ ಹೇಗೆ ಹರಡುತ್ತದೆ? ಎಸರಿನಿಂದ. ಕುದಿಯುವ ನೀರು ಬಿದ್ದಾಗ, ಸುಮಾರು 70 ಡಿಗ್ರಿಯ ಉಷ್ಣತೆ ದಾಟಿದೊಡನೆ, ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಅಂಟಿನಂತಾಗುತ್ತವೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಜೋಳದಲ್ಲಿ ಈ ಬೆಂದ ಪಿಷ್ಟವೇ ಮಾಡುತ್ತದೆ. "ಹಿಟ್ಟಿಗೆ ಜಿಗಿ ಬಂತು" ಎಂದು ಹೆಣ್ಣುಮಕ್ಕಳು ಹೇಳುವುದು ಇದನ್ನೇ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಕಡಿಮೆ. ಅದರ ರೊಟ್ಟಿಯ ಅಂಚು ಸೀಳುತ್ತದೆ.

ಇನ್ನು ಆ ಹುಡುಗಿಯ ಪ್ರಶ್ನೆಯ ಮೊದಲ ಭಾಗ. ನಿನ್ನೆಯ ಮೆತ್ತನೆಯ ರೊಟ್ಟಿ ಇಂದು ತೊಗಲಿನಂತಾಗುವುದು ಒಣಗಿದ್ದರಿಂದಲೆಂದು ನಾವೆಲ್ಲರೂ ತಿಳಿದಿದ್ದೇವೆ. ಅದು ಪೂರ್ಣ ಸತ್ಯವಲ್ಲ. ರೊಟ್ಟಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಒಂದು ಹನಿ ನೀರೂ ಹೊರಹೋಗದಂತೆ ಮಾಡಿದರೂ ಅದು ಮರುದಿನ ಬಿರುಸಾಗಿಯೇ ಇರುತ್ತದೆ. ಬೆಂದಾಗ ಬಿಡಿಬಿಡಿಯಾಗಿ ಹರಡಿಕೊಂಡ ಪಿಷ್ಟದ ಎಳೆಗಳು ಆರಿದ ಮೇಲೆ ಮೆಲ್ಲಮೆಲ್ಲನೆ ಒಂದರ ಮಗ್ಗುಲಿಗೆ ಒಂದು ಸೇರಿ ಮತ್ತೆ ಸಾಲುಗೂಡುತ್ತವೆ. ಹೀಗೆ ರೊಟ್ಟಿ ಗಡುಸಾಗುತ್ತದೆ, ಆದರೆ ನೀರು ಒಳಗೇ ಉಳಿದಿರುತ್ತದೆ. ಹಂಚಿನ ಮೇಲೆ ಬಿಸಿ ಮಾಡಿದರೆ ಅದೇ ರೊಟ್ಟಿ ಮತ್ತೆ ಮೆತ್ತಗಾಗುವುದನ್ನು ನೀವು ಕಂಡಿದ್ದೀರಿ. ಎಳೆಗಳು ಶಾಖಕ್ಕೆ ಮರಳಿ ಸಡಿಲಾಗುವುದೇ ಅದಕ್ಕೆ ಕಾರಣ. ತೊಗಲಿನಂತಾದ ರೊಟ್ಟಿಯಲ್ಲಿ ಬೂಷ್ಟಿಗೆ ಬೇಕಾದ ನೀರು ಧಾರಾಳವಾಗಿದೆ. ಅದು ಎರಡು ಮೂರು ದಿನಗಳಲ್ಲಿ ಕೆಡುತ್ತದೆ.

ಕಡಕ್ ರೊಟ್ಟಿಯ ಜಾತಿಯೇ ಬೇರೆ. ಅದರಿಂದ ನೀರನ್ನೇ ಹೊರಗಟ್ಟಲಾಗಿದೆ. ನೀರಿಲ್ಲದಾಗ ಪಿಷ್ಟದ ಎಳೆಗಳಿಗೆ ಅಲುಗಾಡಲು ಎಡೆಯಿಲ್ಲ. ಇದ್ದ ಸ್ಥಿತಿಯಲ್ಲಿಯೇ ಗಾಜಿನಂತೆ ಗಟ್ಟಿಯಾಗಿ ನಿಲ್ಲುತ್ತವೆ. ಗಾಜು ಬಾಗದೆ ಒಡೆಯುವಂತೆ ಕಡಕ್ ರೊಟ್ಟಿಯೂ ಬಾಗದೆ ಮುರಿಯುತ್ತದೆ. ಆ 'ಕಟಕ್' ಶಬ್ದವೇ ಅದರ ಪರೀಕ್ಷೆ. ಶಿಲೀಂಧ್ರದ ಬೀಜಾಣುಗಳು ಗಾಳಿಯಲ್ಲಿ ಸದಾ ಇರುತ್ತವೆ, ಕಡಕ್ ರೊಟ್ಟಿಯ ಮೇಲೂ ಬೀಳುತ್ತವೆ. ಆದರೆ ಕುಡಿಯಲು ನೀರಿಲ್ಲದ ಕಾರಣ ಮೊಳೆಯಲಾರವು. ಆದುದರಿಂದ ಉಳಿದ ರೊಟ್ಟಿಯನ್ನು ಬಿಸಿಲಿಗೆ ಹಾಕಿದರೆ ಕಡಕ್ ರೊಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಅದನ್ನು ಮೊದಲಿನಿಂದಲೇ ಬೇರೆಯಾಗಿ ಮಾಡಬೇಕು.

ಮಾಡುವ ಕ್ರಮವನ್ನು ತಾಯಂದಿರಿಗೆ ನಾನು ಹೇಳುವುದು ಹಾಸ್ಯಾಸ್ಪದವಾದೀತು. ಆದರೂ ನಗರಕ್ಕೆ ಹೋಗಿ ನೆಲೆಸಿದ ಹಳೆಯ ವಿದ್ಯಾರ್ಥಿಗಳೂ ಈ ಸಂಚಿಕೆಯನ್ನು ಓದುವುದರಿಂದ ಬರೆಯುತ್ತೇನೆ. ಎರಡು ಬಟ್ಟಲು ಹೊಸದಾಗಿ ಬೀಸಿದ ಜೋಳದ ಹಿಟ್ಟಿಗೆ ಎರಡು ಬಟ್ಟಲಿಗಿಂತ ತುಸು ಕಡಿಮೆ ನೀರು ಸಾಕು. ನೀರಿಗೆ ಚಿಟಿಕೆ ಉಪ್ಪು ಹಾಕಿ ಕುದಿಸಿ ಹಿಟ್ಟಿನ ಮೇಲೆ ಸುರಿದು, ಸೌಟಿನ ಹಿಡಿಯಿಂದ ಕಲಸಿ, ಐದು ನಿಮಿಷ ಮುಚ್ಚಿಡಬೇಕು. ಉಪ್ಪು ಹೆಚ್ಚಾಗಬಾರದು, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕೈ ತಾಳುವಷ್ಟು ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ಸಣ್ಣ ಉಂಡೆ ಹಿಡಿದು, ನಿತ್ಯದ ರೊಟ್ಟಿಗಿಂತ ತೆಳ್ಳಗೆ ಬಡಿಯಬೇಕು. ಬಡಿಯಲು ಬಾರದವರು ಲಟ್ಟಣಿಗೆಯಿಂದ ಲಟ್ಟಿಸಿದರೂ ಅಡ್ಡಿಯಿಲ್ಲ. (ನನ್ನ ರೊಟ್ಟಿ ಎರಡು ರೀತಿಯಿಂದಲೂ ಭೂಪಟದ ಆಕಾರಕ್ಕೇ ಬಂದಿತು.) ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುವುದು ಒಣಹಿಟ್ಟನ್ನು ತೆಗೆಯಲಿಕ್ಕೂ, ಮೇಲ್ಮೈಯ ಪಿಷ್ಟ ಬೇಯುವ ಮೊದಲೇ ಒಣಗಿ ಸೀಳದಿರಲಿಕ್ಕೂ.

ಇಲ್ಲಿಯವರೆಗೆ ಎರಡೂ ರೊಟ್ಟಿಗಳ ದಾರಿ ಒಂದೇ. ಮೆತ್ತನೆಯ ರೊಟ್ಟಿಯನ್ನು ಉಬ್ಬಿಸಿ ಇಳಿಸುತ್ತೇವೆ. ಕಡಕ್ ರೊಟ್ಟಿಯನ್ನು ಉಬ್ಬಗೊಡದೆ, ಅರಿವೆಯ ಮುದ್ದೆಯಿಂದ ಒತ್ತೊತ್ತಿ ಬೇಯಿಸುತ್ತೇವೆ. ಉಬ್ಬಿದ ರೊಟ್ಟಿಯ ಎರಡು ಪದರಗಳಲ್ಲಿ ಒಂದು ಹಂಚಿನಿಂದ ದೂರವಾಗಿ ಒಳಗಿನ ಹಬೆ ಅಲ್ಲಿಯೇ ನಿಲ್ಲುತ್ತದೆ. ಒತ್ತಿದ ರೊಟ್ಟಿ ಸಮನಾಗಿ ಒಣಗುತ್ತದೆ. ಬೆಂದ ಮೇಲೆ ಉರಿ ತಗ್ಗಿಸಿ, ಒಲೆಯ ಬದಿಗೆ ಕೆಂಡದ ಮುಂದೆ ಒರಗಿಸಿಡಬೇಕು. ಗ್ಯಾಸಿನ ಒಲೆಯವರು ಇನ್ನೊಂದು ಹಂಚನ್ನು ಅತಿ ಸಣ್ಣ ಉರಿಯ ಮೇಲಿಟ್ಟು ಅದರ ಮೇಲೆ ತಿರುವಿ ತಿರುವಿ ಒಣಗಿಸಬೇಕು. ಉರಿ ಹೆಚ್ಚಾದರೆ ಮೈ ಕರಿಕಾಗಿ ಹೊಟ್ಟೆ ಹಸಿಯಾಗಿ ಉಳಿಯುತ್ತದೆ. ಅವಸರದವರಿಗೆ ಈ ಕೆಲಸವಲ್ಲ.

ಈಗ ಅಜ್ಜಿಯ ಚೀಲದ ಮಾತು. ಅವರ ರೊಟ್ಟಿ ಕೆಟ್ಟದ್ದಕ್ಕೆ ಎರಡು ಕಾರಣಗಳಿದ್ದವು. ರೊಟ್ಟಿಯ ಅಂಚು ಮೊದಲು ಒಣಗುತ್ತದೆ, ನಡು ಕೊನೆಗೆ. ಅವರು ಅಂಚನ್ನು ಮುರಿದು 'ಕಟಕ್' ಎಂದುದನ್ನು ಕೇಳಿ ಆಯಿತೆಂದು ತಿಳಿದಿದ್ದರು. ನಡುವಿನಲ್ಲಿ ಉಳಿದಿದ್ದ ತೇವ ಚೀಲದೊಳಗೆ ಮೆಲ್ಲನೆ ಅಂಚಿಗೂ ಹರಡಿತು. ಎರಡನೆಯದಾಗಿ, ರೊಟ್ಟಿಗಳು ಇನ್ನೂ ಬೆಚ್ಚಗಿರುವಾಗಲೇ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರು. ಬೆಚ್ಚಗಿನ ರೊಟ್ಟಿಯಿಂದ ಎದ್ದ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಚೀಲದ ಒಳಮೈಗೆ ಹನಿಯಾಗಿ ಕಟ್ಟಿ ರೊಟ್ಟಿಯ ಮೇಲೆಯೇ ಇಳಿಯಿತು. ಹಿಂದೆ ಇದೇ ಅಜ್ಜಿ ಬಿದಿರಿನ ಬುಟ್ಟಿಯಲ್ಲಿ ಅರಿವೆ ಹಾಸಿ ರೊಟ್ಟಿ ಇಡುತ್ತಿದ್ದರಂತೆ, ಆಗ ಕೆಟ್ಟಿದ್ದಿಲ್ಲ. ಬುಟ್ಟಿಯ ಸಂದುಗಳು ಹಬೆಯನ್ನು ಬಿಟ್ಟುಕೊಡುತ್ತಿದ್ದವು. ಆದುದರಿಂದ ರೊಟ್ಟಿಯ ನಡುಭಾಗವನ್ನೇ ಮುರಿದು ನೋಡಬೇಕು. ಒಂದೊಂದನ್ನೂ ಬಿಡಿಯಾಗಿ ಹರಡಿ ಪೂರ್ಣ ಆರಿಸಬೇಕು. ಆ ಬಳಿಕವೇ ಬಿಗಿಯಾದ ಮುಚ್ಚಳದ ಡಬ್ಬಿಗೆ ಹಾಕಬೇಕು. ಮಳೆಗಾಲದಲ್ಲಿ ರೊಟ್ಟಿ ಮೆದುವಾದರೆ, ಬೂಷ್ಟು ಇಲ್ಲದಿದ್ದ ಪಕ್ಷದಲ್ಲಿ, ಹಂಚಿನ ಮೇಲೆ ಮತ್ತೆ ಕಾಯಿಸಿ ಸರಿಪಡಿಸಬಹುದು. ಬೂಷ್ಟು ಬಂದ ರೊಟ್ಟಿಯನ್ನು ಮಾತ್ರ ಒರೆಸಿ ತಿನ್ನಬಾರದು. ಕಣ್ಣಿಗೆ ಕಾಣುವುದು ಅದರ ಮೇಲಿನ ಭಾಗವಷ್ಟೆ. ಬೇರಿನಂಥ ಎಳೆಗಳು ಒಳಗೆ ಇಳಿದಿರುತ್ತವೆ, ಕೆಲವು ಶಿಲೀಂಧ್ರಗಳ ವಿಷ ಕಾಯಿಸಿದರೂ ಹೋಗುವುದಿಲ್ಲ. ದನಗಳ ಮುಂದೆಯೂ ಅದನ್ನು ಹಾಕಬೇಡಿರಿ.

ಇಷ್ಟೆಲ್ಲ ಶ್ರಮವೇಕೆ, ದಿನವೂ ಬಿಸಿರೊಟ್ಟಿ ತಿನ್ನಬಾರದೇ ಎಂದು ಕೇಳುವವರುಂಟು. ಒಲೆ ಹೊತ್ತಿಸಲಾಗದ ದಿನಗಳೂ ಬರುತ್ತವೆ. 1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಭೂಕಂಪವಾದಾಗ ನಾನು ಉಮರ್ಗಾ ತಾಲೂಕಿನ ನಮ್ಮ ಹಳ್ಳಿಯಲ್ಲಿ ಆರನೆಯ ತರಗತಿಯಲ್ಲಿದ್ದೆ. ಗಣಪತಿಯನ್ನು ಕಳುಹಿಸಿ ಬಂದು ಮಲಗಿದ ರಾತ್ರಿಯದು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸಿಕ್ಕಿ ಸತ್ತರು. ನಮ್ಮ ಮನೆ ಬಿರಿದು ನಿಂತಿತು. ಮತ್ತೆ ಮತ್ತೆ ನೆಲ ನಡುಗುತ್ತಿದ್ದುದರಿಂದ ಯಾರೂ ಮಾಳಿಗೆಯ ಕೆಳಗೆ ಕಾಲಿಡುವಂತಿರಲಿಲ್ಲ. ತಂದೆಯವರು ಒಮ್ಮೆ ಒಳಗೆ ಓಡಿಹೋಗಿ ತಂದುದು ಎರಡೇ ವಸ್ತು: ಅಜ್ಜಿಯ ಕಂಬಳಿ, ರೊಟ್ಟಿಯ ಡಬ್ಬಿ. ಕಳೆ ತೆಗೆಯುವ ಕೆಲಸದ ದಿನಗಳಾದ್ದರಿಂದ ತಾಯಿ ಒಂದು ವಾರದ ಕಡಕ್ ರೊಟ್ಟಿ ಮಾಡಿಟ್ಟಿದ್ದರು. ಬಯಲಿನಲ್ಲಿ ಎರಡು ದಿನ ನಾವೂ ನೆರೆಯ ಮೂರು ಮನೆಯವರೂ ಅದನ್ನೇ ಉಳ್ಳಾಗಡ್ಡಿಯೊಡನೆ ಹಂಚಿಕೊಂಡು ತಿಂದೆವು. ಮೂರನೆಯ ದಿನ ಹೊರಗಿನಿಂದ ಅನ್ನ ಬಂದಿತು.

ಸಂತೋಷದ ಕಾಲಕ್ಕೂ ಈ ರೊಟ್ಟಿ ಒದಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ ಜನವರಿಯಲ್ಲಿ ನಡೆಯುತ್ತದೆ. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮುಂಚಿನಿಂದಲೇ ರೊಟ್ಟಿ ಮಾಡಿ ಬಂಡಿ, ಟ್ರ್ಯಾಕ್ಟರುಗಳಲ್ಲಿ ಕಳುಹಿಸುತ್ತಾರೆ; ಲಕ್ಷಗಟ್ಟಲೆ ರೊಟ್ಟಿಗಳು ರಾಶಿಯಾಗಿ ಬೀಳುತ್ತವೆ. ಮೆತ್ತನೆಯ ರೊಟ್ಟಿಯಿಂದ ಇಂಥ ದಾಸೋಹವನ್ನು ನಡೆಸಲು ಬರುತ್ತಿತ್ತೆ?

ಸಜ್ಜೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಸಂಕ್ರಾಂತಿಯ ಹಿಂದಿನ ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಬೆಣ್ಣೆಯೊಡನೆ ತಿನ್ನದ ಮನೆ ನಮ್ಮಲ್ಲಿಲ್ಲ. 100 ಗ್ರಾಂ ಜೋಳದಲ್ಲಿ ಕೊಬ್ಬು ಸುಮಾರು 2 ಗ್ರಾಂ, ಕಬ್ಬಿಣ 4 ಮಿಲಿಗ್ರಾಂ. ಅಷ್ಟೇ ಸಜ್ಜೆಯಲ್ಲಿ ಕೊಬ್ಬು 5 ಗ್ರಾಮಿಗೂ ಮಿಕ್ಕಿ, ಕಬ್ಬಿಣ 6 ಮಿಲಿಗ್ರಾಮಿಗಿಂತ ಹೆಚ್ಚು. ಕಬ್ಬಿಣ ಹೆಚ್ಚಿರುವುದು ಬೆಳೆಯುವ ಹೆಣ್ಣುಮಕ್ಕಳಿಗೆ ಒಳ್ಳೆಯದು. ಜೊತೆಗೆ ಒಂದು ಹೋಳು ನಿಂಬೆಹಣ್ಣು ಇದ್ದರೆ ಅದು ಮೈಗೆ ಹೆಚ್ಚು ಹತ್ತುತ್ತದೆ. ಕೊಬ್ಬು ಹೆಚ್ಚಿರುವುದು ಮಾತ್ರ ಹಿಟ್ಟಿಗೆ ಕಂಟಕ. ಕಾಳು ಇಡಿಯಾಗಿರುವವರೆಗೆ ಕೊಬ್ಬೂ ಅದನ್ನು ಸೀಳುವ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಬೀಸಿದೊಡನೆ ಎರಡೂ ಕೂಡಿ ಹಿಟ್ಟು ಕಹಿಯಾಗತೊಡಗುತ್ತದೆ. ಹತ್ತು ದಿನ ಬಿಟ್ಟರೆ ಬಾಯಿಗಿಡಲಾಗುವುದಿಲ್ಲ. ಕಾಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಚೆನ್ನಾಗಿ ಒಣಗಿಸಿ ಬೀಸಿದರೆ ಕಿಣ್ವ ಸತ್ತು ಹಿಟ್ಟು ಹೆಚ್ಚು ದಿನ ಬಾಳುತ್ತದೆ. ಇಲ್ಲವೇ ಬೇಕಾದಷ್ಟೇ ಬೀಸಿಸಬೇಕು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಸಜ್ಜೆಯ ಗುಣಗಾನವನ್ನು ಬಹಳ ಕೇಳಿದೆವು; ಕಹಿಯಾಗದಂತೆ ಇಡುವ ಈ ಚಿಕ್ಕ ಮಾತನ್ನು ಹೇಳಿದವರು ಕಡಿಮೆ.

ಕಳೆದ ಸ್ನೇಹಸಮ್ಮೇಲನಕ್ಕೆ ಪುಣೆಯಿಂದ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಓಟ್ಸ್ ಎಂಬ ಧಾನ್ಯದ ತೆಳ್ಳನೆಯ ಬಿಲ್ಲೆಗಳನ್ನೂ, ಅದರ ಮೇಲಿಟ್ಟು ತಿನ್ನುವ ಚೀಸನ್ನೂ ತಂದಿದ್ದರು. ತಿಂದು ನೋಡಿದ ನಮ್ಮ ಸಿಪಾಯಿ "ಇದು ನಮ್ಮ ರೊಟ್ಟೀನೇ ಅಲ್ರಿ" ಎಂದನು. ಅವನ ಮಾತಿನಲ್ಲಿ ತಥ್ಯವಿದೆ. ಸ್ಕಾಟ್ಲೆಂಡಿನ ಚಳಿಯ ಬಡನೆಲದಲ್ಲಿ ಗೋಧಿ ಚೆನ್ನಾಗಿ ಬಾರದು, ಓಟ್ಸ್ ಬರುತ್ತದೆ. ಅಲ್ಲಿಯ ಹೆಣ್ಣುಮಕ್ಕಳು ಓಟ್ಸಿನ ನುಚ್ಚಿಗೆ ಬಿಸಿನೀರೂ ತುಸು ಕೊಬ್ಬೂ ಉಪ್ಪೂ ಹಾಕಿ ತಟ್ಟಿ, ಕಬ್ಬಿಣದ ಹಂಚಿನ ಮೇಲೆ ಬೇಯಿಸಿ, ಆಮೇಲೆ ಬೆಂಕಿಯ ಮುಂದೆ ಒರಗಿಸಿ ಒಣಗಿಸುತ್ತಿದ್ದರು. ಹಿಟ್ಟಿನ ಪೆಟ್ಟಿಗೆಯಲ್ಲಿ ಹೂತು ಕಾಪಿಡುತ್ತಿದ್ದರು. ಸ್ವೀಡನ್ನಿನವರು ರೈ ಎಂಬ ಧಾನ್ಯದ ರೊಟ್ಟಿಯ ನಡುವೆ ತೂತು ಮಾಡಿ, ಕೋಲಿಗೆ ಪೋಣಿಸಿ ಮಾಡಿನ ಕೆಳಗೆ ತೂಗುಹಾಕುತ್ತಿದ್ದರು. ಮಕ್ಕಳು ಡಬ್ಬಿಯಲ್ಲಿ ಪ್ರತಿಷ್ಠೆಯಿಂದ ತರುವ ಬಿಸ್ಕತ್ತಿನ ಹೆಸರಿಗೂ ಲ್ಯಾಟಿನ್ ಭಾಷೆಯಲ್ಲಿ 'ಎರಡು ಸಲ ಬೇಯಿಸಿದ್ದು' ಎಂದೇ ಮೂಲಾರ್ಥ. ಹಾಗೆ ನೋಡಿದರೆ ಸಕ್ಕರೆಯಿಲ್ಲದ ನಮ್ಮ ಕಡಕ್ ರೊಟ್ಟಿಯೂ ಬಿಸ್ಕತ್ತೇ. ರೊಟ್ಟಿಯ ಡಬ್ಬಿಯನ್ನು ಬೆಂಚಿನ ಕೆಳಗೆ ಬಚ್ಚಿಟ್ಟು ತಿನ್ನುವ ಹುಡುಗರು ಇದನ್ನು ಗಮನಿಸಲಿ.

ಚೀಸ್ ಕೂಡ ಇದೇ ಯುಕ್ತಿಯ ವಸ್ತು. ಹಾಲನ್ನು ಒಡೆಸಿ, ನೀರನ್ನು ಬಸಿದು, ಉಪ್ಪು ಹಾಕಿ ಒತ್ತಿ ಬಹುಕಾಲ ಬಾಳುವಂತೆ ಮಾಡಿದ್ದು. ನಮ್ಮಲ್ಲಿ ಹಾಲು ಕಾಪಿಡುವ ದಾರಿ ಮೊಸರು, ಬೆಣ್ಣೆ, ತುಪ್ಪಗಳದು. ಉದಗೀರದ ಮಗ್ಗುಲಿನ ದೇವಣಿಯ ಹೆಸರು ಹೊತ್ತ ಆಕಳ ತಳಿ ಹಾಲಿಗೂ ಒಕ್ಕಲುತನಕ್ಕೂ ಹೆಸರಾದುದು. ಅದರ ಕೆನೆಮೊಸರನ್ನು ತೆಳ್ಳನೆಯ ಅರಿವೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತೂಗುಬಿಟ್ಟರೆ ಬೆಳಿಗ್ಗೆ ಗಟ್ಟಿಯಾದ ಚಕ್ಕಾ ಸಿಗುತ್ತದೆ. ಶ್ರೀಖಂಡಕ್ಕೆಂದು ಸಕ್ಕರೆ ಬೆರೆಸುವ ಬದಲು ಉಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಸೇರಿಸಿ ಕಡಕ್ ರೊಟ್ಟಿಯ ತುಂಡಿನ ಮೇಲೆ ಸವರಿ ನೋಡಿರಿ. ಚೀಸಿನ ಹಂಬಲ ಉಳಿಯದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಂತೂ ಇದ್ದೇ ಇವೆ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ; ಮೊಸರೂ ತೊಗರಿಬೇಳೆಯೂ ಆ ಕೊರತೆಯನ್ನು ತುಂಬುತ್ತವೆ. ರೊಟ್ಟಿಯೂ ಬೇಳೆಯೂ ಒಂದೇ ತಟ್ಟೆಯಲ್ಲಿರುವುದು ಬರಿಯ ರುಚಿಗಾಗಿ ಅಲ್ಲ.

ಓಟ್ಸ್ ಈಗ ಉದಗೀರದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಮನೆಯಲ್ಲಿ ಮಾಡಬಯಸುವವರು 200 ಗ್ರಾಂ ಓಟ್ಸನ್ನು ರವೆಯಂತೆ ಒಡೆದು, 50 ಗ್ರಾಂ ಜೋಳದ ಹಿಟ್ಟು, ಅರ್ಧ ಚಮಚ ಉಪ್ಪು, ಎರಡು ಚಮಚ ಎಳ್ಳು, 40 ಗ್ರಾಂ ಕರಗಿಸಿದ ತುಪ್ಪ ಸೇರಿಸಿ ತಿಕ್ಕಬೇಕು. ತುಪ್ಪ ಹಿಟ್ಟಿನ ಕಣಗಳಿಗೆ ಕವಚದಂತೆ ಹತ್ತಿ ಬಿಲ್ಲೆಯನ್ನು ಕಲ್ಲಾಗಗೊಡದೆ ಗರಿಗರಿಯಾಗಿಸುತ್ತದೆ. ಬಳಿಕ ಕುದಿನೀರನ್ನು ತುಸುತುಸುವಾಗಿ, ಒಟ್ಟು ಸುಮಾರು 100 ಮಿಲಿಲೀಟರ್, ಕೂಡಿಸಿ ಉಂಡೆ ಮಾಡಿ ಹತ್ತು ನಿಮಿಷ ಬಿಡಬೇಕು. ಬೆರಳಿನ ಉಗುರಿನ ಅಂಚಿಗಿಂತ ತುಸು ದಪ್ಪವಾಗಿ ಲಟ್ಟಿಸಿ, ಶಂಕರಪಾಳಿಯಂತೆ ಆದರೆ ಅಗಲವಾಗಿ ಕೊಯ್ದು, ಸಣ್ಣ ಉರಿಯ ಹಂಚಿನ ಮೇಲೆ ಮುಚ್ಚದೆ, ಎರಡೂ ಮಗ್ಗುಲು ನಿಧಾನವಾಗಿ ಒಣಗುವವರೆಗೆ ಬೇಯಿಸಬೇಕು. ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಓಟ್ಸಿನಲ್ಲಿಯೂ ಸಜ್ಜೆಯಂತೆ ಕೊಬ್ಬು ಹೆಚ್ಚು. ಅದಕ್ಕಾಗಿಯೇ ಗಿರಣಿಯವರು ಅದನ್ನು ಮೊದಲು ಹಬೆಯಲ್ಲಿ ಕಾಯಿಸಿ ಮಾರುತ್ತಾರೆ. ತುಪ್ಪವೂ ಸೇರಿರುವುದರಿಂದ ಈ ಬಿಲ್ಲೆಗಳನ್ನು ಎರಡು ವಾರದೊಳಗೆ ತಿಂದು ಮುಗಿಸುವುದು ಲೇಸು. ಎಳ್ಳಿಲ್ಲದ ಬರಿಯ ಜೋಳದ ಕಡಕ್ ರೊಟ್ಟಿ ಇದಕ್ಕಿಂತ ಬಹಳ ದಿನ ಬಾಳುತ್ತದೆ.

ಆ ವಿದ್ಯಾರ್ಥಿನಿಯ ಅಜ್ಜಿಯನ್ನು ಡಿಸೆಂಬರಿನಲ್ಲಿ ಮನೆಗೆ ಹೋಗಿ ಕಂಡು ಇದನ್ನೆಲ್ಲ ಹೇಳಿದೆನು. ಆಕೆ ತಾಳ್ಮೆಯಿಂದ ಕೇಳಿ, "ಬುಟ್ಟಿ ಹರೀತಂತ ಚೀಲ ತಂದ್ವಿ ಮಾಸ್ತರ, ಅದೇ ತಪ್ಪಾತು" ಎಂದರು. ನನ್ನ ಅರ್ಧ ತಾಸಿನ ವ್ಯಾಖ್ಯಾನ ಅಷ್ಟರಲ್ಲಿ ಮುಗಿಯಿತು. ಓಣಿಯ ಇಬ್ಬರು ಹೆಣ್ಣುಮಕ್ಕಳು ನೆರವಿಗೆ ಬಂದು ಎರಡು ದಿನ ರೊಟ್ಟಿ ಮಾಡಿಕೊಟ್ಟರು. ಎಳ್ಳಮಾಸೆಯ ಮರುದಿನ ಹುಡುಗಿ ಒಂದು ರೊಟ್ಟಿಯನ್ನು ತರಗತಿಗೆ ತಂದು ಎಲ್ಲರೆದುರು ನಟ್ಟನಡುವೆ ಮುರಿದಳು. ಸದ್ದು ಕೊನೆಯ ಸಾಲಿಗೂ ಕೇಳಿಸಿತು. ತುಂಡುಗಳು ಗಂಟೆ ಬಾರಿಸುವ ಮೊದಲೇ ಮಾಯವಾದವು. ಮಾರ್ಚಿನಲ್ಲಿ ತಂದೆತಾಯಿಗಳು ಮರಳಿ ಬಂದಾಗ ಡಬ್ಬಿಯ ತಳದಲ್ಲಿ ಇನ್ನೂ ಏಳು ರೊಟ್ಟಿಗಳು ಉಳಿದಿದ್ದವೆಂದು ಅವಳೇ ಬಂದು ಹೇಳಿದಳು.